ಮೀನಿಗೆ ಏಣಿ ಕೇಳುವ ಮೊದಲು ಬಾಂದಾರದ ಬಾಗಿಲು ಕೇಳಿ

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಹಳ್ಳಿ. ಮೂರು ತಲೆಮಾರಿನಿಂದ ಮೀನು ಹಿಡಿದೇ ಬದುಕಿದ ಮನೆತನ ನಮ್ಮದು. ಊರಿನ ಕೆಳಗೆ ಬ್ರಿಜ್ ಕಂ ಬ್ಯಾರೇಜ್ ಆದ ಮೇಲೆ ಮೊದಲ ಎರಡು ಮೂರು ವರ್ಷ ಬಲೆ ತುಂಬ ಮೀನು ಬಿತ್ತು. ಈಗ ಬಾಳೆ ಮೀನು ಅಪರೂಪ. ಹಾವುಮೀನು ವರ್ಷಕ್ಕೆ ಒಂದೋ ಎರಡೋ ಸಿಕ್ಕರೆ ಹೆಚ್ಚು. ಬೀಳುವುದೆಲ್ಲ ತಿಲಾಪಿಯಾ. ಕೇಳಿದರೆ 'ಮರಿ ಬಿಡುತ್ತೇವೆ, ಸರಿಹೋಗುತ್ತದೆ' ಎನ್ನುತ್ತಾರೆ. ಬೇರೆ ದೇಶಗಳಲ್ಲಿ ಅಣೆಕಟ್ಟಿನ ಪಕ್ಕದಲ್ಲಿ ಮೀನಿಗೆಂದೇ ಮೆಟ್ಟಿಲು ಕಟ್ಟಿರುವುದನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮಲ್ಲೂ ಕಟ್ಟಿಸಬಹುದೇ ಸರ್? ಅರ್ಜಿ ಕೊಡುವುದಾದರೆ ಏನೆಂದು ಬರೆಯಬೇಕು?

ಉತ್ತರ: ಕಟ್ಟಿಸಬಹುದು. ಆದರೆ ಅರ್ಜಿಯ ಮೊದಲ ಸಾಲಿನಲ್ಲಿ ಏಣಿಯ ಮಾತು ಬೇಡ. ಏಣಿ ಎಂದ ಕೂಡಲೇ ಅಂದಾಜು ಪಟ್ಟಿ, ಟೆಂಡರ್, ಅನುದಾನ ಎನ್ನುತ್ತ ವರ್ಷಗಳು ಉರುಳುತ್ತವೆ. ಕಟ್ಟಿದ ಮೇಲೂ ಭೀಮೆಯ ಮೀನು ಅದನ್ನು ಹತ್ತುತ್ತದೆಂದು ಯಾರೂ ಬರೆದುಕೊಡಲಾರರು. ನಿಮ್ಮ ಬ್ಯಾರೇಜಿಗೆ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಬಾಂದಾರಕ್ಕೆ, ಆಗಲೇ ನೀರು ಬಿಡುವ ಬಾಗಿಲುಗಳಿವೆ. ಅವು ಯಾವ ದಿನ ಏಳುತ್ತವೆ, ಎಷ್ಟು ಏಳುತ್ತವೆ, ಯಾವ ದಿನ ಇಳಿಯುತ್ತವೆ ಎಂಬುದರಲ್ಲಿ ನಿಮ್ಮ ಮೀನಿನ ಅರ್ಧ ಜಾತಕ ಇದೆ. ಮೊದಲು ಅದನ್ನು ಕೇಳಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಎರಡು ಮೂರು ವರ್ಷ ಬಲೆ ತುಂಬಿತು ಎಂದಿರಲ್ಲ, ಅದರಿಂದಲೇ ಶುರು ಮಾಡೋಣ. ಬಹಳ ಜನ ಮೋಸಹೋಗುವುದು ಅಲ್ಲೇ. ನೀರು ನಿಂತಾಗ ದಂಡೆಯ ಹುಲ್ಲು, ಜಾಲಿ, ಹೊಲದ ಗೊಬ್ಬರದ ಮಣ್ಣು ಎಲ್ಲ ಮುಳುಗಿ ಕೊಳೆಯುತ್ತವೆ. ಆ ಸಾರ ನೀರಿಗೆ ಇಳಿಯುತ್ತದೆ, ಪಾಚಿ ಬೆಳೆಯುತ್ತದೆ, ಹುಳ ಹುಪ್ಪಟೆ ಹೆಚ್ಚುತ್ತವೆ, ಇರುವ ಮೀನು ಕೊಬ್ಬುತ್ತದೆ. ಹೊಸ ಜಲಾಶಯಗಳಲ್ಲಿ ಎಲ್ಲ ಕಡೆಯೂ ಕಾಣುವ ಸಂಗತಿ ಇದು. ಮುಳುಗಿದ ನೆಲದ ಸಾರ ತೀರಿದ ಮೇಲೆ ಈ ಸುಗ್ಗಿಯೂ ಮುಗಿಯುತ್ತದೆ. ಅಷ್ಟು ಹೊತ್ತಿಗೆ, ಬಾಗಿಲು ಬಿದ್ದ ನಂತರ ಹುಟ್ಟಬೇಕಿದ್ದ ಮರಿಗಳು ಹುಟ್ಟಿಯೇ ಇರುವುದಿಲ್ಲ. ಹಳೆಯ ದೊಡ್ಡ ಮೀನುಗಳನ್ನು ಹಿಡಿದು ಮುಗಿಸಿರುತ್ತೇವೆ. ನಾಲ್ಕನೆಯ ವರ್ಷ ಬಲೆ ಹಗುರಾದಾಗ ಮಳೆಯನ್ನು ಬೈಯುತ್ತೇವೆ.

ಮರಿ ಯಾಕೆ ಹುಟ್ಟಲಿಲ್ಲ? ಇಡೀ ವಿಷಯದ ತಿರುಳು ಇದರಲ್ಲಿದೆ. ಕೆಂಪು ಹೊಸ ನೀರು ಬಂದಾಗ ಮೀನು ಪ್ರವಾಹಕ್ಕೆ ಎದುರಾಗಿ ಏರುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಅದು ಮೊಟ್ಟೆ ಇಡಲು ಹೊರಟ ದಿಬ್ಬಣ. ನಮ್ಮ ನದಿಯ ಗೆಂಡೆ ಜಾತಿಯ ಮೀನುಗಳು, ಅಂದರೆ ಲೇಬಿಯೊ, ಸಿರಿನಸ್ ಕುಲದವು, ನಿಂತ ನೀರಿನಲ್ಲಿ ಮೊಟ್ಟೆ ಇಡಲು ಮನಸ್ಸು ಮಾಡುವುದಿಲ್ಲ. ಅವುಗಳ ಮೈಗೆ ಪ್ರವಾಹದ ತಳ್ಳು ತಾಗಬೇಕು, ನೀರಿನ ಬಿಸಿ ಇಳಿಯಬೇಕು, ಮಣ್ಣಿನ ವಾಸನೆ ಬರಬೇಕು. ಎಲ್ಲ ಕೂಡಿದಾಗ ಮೇಲೇರಿ, ನೀರು ಹರಡಿದ ದಂಡೆಯ ತಗ್ಗುಗಳಲ್ಲಿ ಮೊಟ್ಟೆ ಬಿಡುತ್ತವೆ.

ಆ ಮೊಟ್ಟೆ ಕಲ್ಲಿಗೆ ಅಂಟಿ ಕೂರುವಂಥದ್ದಲ್ಲ. ಹರಿಯುವ ನೀರಿನಲ್ಲಿ ತೇಲಾಡುತ್ತ ಕೆಳಗೆ ಸಾಗುತ್ತದೆ. ಸುಮಾರು 16ರಿಂದ 18 ಗಂಟೆಗಳಲ್ಲಿ ಒಡೆದು ಮರಿಯಾಗುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ನೀರು ಹರಿಯುತ್ತಿದ್ದರೆ 18 ಗಂಟೆಯಲ್ಲಿ ಆ ಮೊಟ್ಟೆ 32 ಕಿಲೋಮೀಟರ್ ದಾಟಿರುತ್ತದೆ. ನಡುವೆ ಹಿನ್ನೀರು ಸಿಕ್ಕಿತೆನ್ನಿ. ನೀರು ನಿಂತಲ್ಲಿ ಮೊಟ್ಟೆಯೂ ನಿಲ್ಲುತ್ತದೆ, ತಳಕ್ಕೆ ಇಳಿಯುತ್ತದೆ, ಹೂಳಿನಲ್ಲಿ ಉಸಿರುಗಟ್ಟುತ್ತದೆ. ಆದ್ದರಿಂದ ತಾಯಿಮೀನು ಹೇಗೋ ಮೇಲೇರಿತು ಎಂದರಷ್ಟೇ ಸಾಲದು. ಮೊಟ್ಟೆ, ಮರಿ ಕೆಳಗಿಳಿಯುವ ದಾರಿಯೂ ಇರಬೇಕು. ಮೀನಿನ ಏಣಿಯ ಚಿತ್ರಗಳಲ್ಲಿ ಈ ಅರ್ಧ ಕತೆ ಕಾಣುವುದಿಲ್ಲ.

'ಮರಿ ಬಿಡುತ್ತೇವೆ' ಎಂಬ ಮಾತಿನ ಬೇರೂ ಇಲ್ಲೇ ಇದೆ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಗೆಂಡೆ ಮೀನಿಗೆ ಹಾರ್ಮೋನು ಚುಚ್ಚಿ ಕೊಳದಲ್ಲೇ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ದೇಶದ ಮೀನು ಸಾಕಣೆಯ ಚಹರೆ ಬದಲಾದದ್ದು ಅಂದಿನಿಂದ. ಈಗಲೂ ಜುಲೈ 10 ಮೀನು ಕೃಷಿಕರ ದಿನ. ನಾನು ಆ ಸಾಧನೆಗೆ ತಲೆಬಾಗುವವನೇ. ಆದರೆ ಅದು ಕೊಳಕ್ಕೆ ನದಿಯ ಕೆಲಸ ಕಲಿಸಿದ ವಿದ್ಯೆ. ನದಿಯ ಬದಲಿಗೆ ಕೊಟ್ಟದ್ದಲ್ಲ. ಬಿತ್ತನೆ ಮರಿ ಎಂದು ನಿಮ್ಮ ಹಿನ್ನೀರಿಗೆ ಬರುವುದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಮೊದಲ ಮೂರರ ಹಳೆಯ ತವರು ಹೆಚ್ಚಾಗಿ ಉತ್ತರದ ಬಯಲಿನ ನದಿಗಳು; ಕೊನೆಯದು ಹೊರದೇಶದ್ದು. ಬಾಳೆ ಮೀನಿನ ಮರಿಯನ್ನು ಯಾರೂ ಹಿನ್ನೀರಿಗೆ ತಂದು ಬಿಡುವುದಿಲ್ಲ. ಅದಂತೂ ಹಿನ್ನೀರಿಗೆ ಬಿಟ್ಟ ಬೇರೆ ಮರಿಗಳನ್ನೆಲ್ಲ ನುಂಗುವ ಮೀನು! ಹಿಡಿದು ಮಾರಲು ಮರಿ ಬಿಡುವುದು ಒಳ್ಳೆಯದೇ, ಸಂಘದವರಿಗೆ ನಾಲ್ಕು ಕಾಸು ಬರಲಿ. ಆದರೆ ಅದಕ್ಕೆ ಸಂರಕ್ಷಣೆ ಎಂದು ಹೆಸರಿಡಬೇಡಿ. ಹೊಲಕ್ಕೆ ತೊಗರಿ ಬಿತ್ತಿ ಕಾಡು ಬೆಳೆಸಿದೆ ಎಂದಂತಾಗುತ್ತದೆ.

ಈಗ ನಿಮ್ಮ ಬಲೆಯಿಂದ ಮಾಯವಾದವರನ್ನು ಒಬ್ಬೊಬ್ಬರಾಗಿ ನೋಡೋಣ. ಎಲ್ಲರ ಕಷ್ಟ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ.

ಮರಲ್, ಅಂದರೆ ಕೊರಮೀನು, ಹೋಗಿಲ್ಲ ತಾನೇ? ಹೋಗುವುದೂ ಇಲ್ಲ. ಅದು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ, ದಂಡೆಯ ಜೊಂಡಿನಲ್ಲಿ ಗೂಡು ಮಾಡಿ ಮರಿ ಕಾಯುತ್ತದೆ. ಬಾಂದಾರ ಅದಕ್ಕೆ ಅಡ್ಡಿಯಲ್ಲ. ತಿಲಾಪಿಯಾ ಅಂತೂ ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು ಮರಿ ಮಾಡುವ ಜಾತಿ. ನಿಂತ ನೀರು ಸಿಕ್ಕರೆ ಅದಕ್ಕೆ ಹಬ್ಬ. ಬಲೆಯಲ್ಲಿ ತಿಲಾಪಿಯಾ ಹೆಚ್ಚಿತು ಎಂದರೆ ಹರಿಯುವ ನೀರು ಕಡಿಮೆಯಾಯಿತು ಎಂದು ಓದಿಕೊಳ್ಳಿ.

ಬಾಳೆ ಮೀನಿನದು ಬೇರೆ. ವಾಲ್ಯಾಗೊ ಅಟ್ಟು ಎಂದು ಅದರ ಶಾಸ್ತ್ರೀಯ ಹೆಸರು. ಬೇಸಿಗೆಯಲ್ಲಿ ಆಳವಾದ ಮಡುವಿನಲ್ಲಿ ಬಿದ್ದಿದ್ದು, ಪ್ರವಾಹ ಬಂದಾಗ ನೀರು ನುಗ್ಗಿದ ಹಳ್ಳಗಳಿಗೆ, ತಗ್ಗು ಹೊಲಗಳಿಗೆ ಏರಿ ಮೊಟ್ಟೆ ಇಡುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಲ್ಲ ಜೀವಿ ಎಂದು ದಾಖಲಾಗಿದೆ. ಕೃಷ್ಣಾ, ಗೋದಾವರಿಗಳಲ್ಲಿರುವ ಬೆಳ್ಳಿಮೈಯ ಸಿಲೋನಿಯಾ ಚಿಲ್ಡ್ರೆನಿ ಅದಕ್ಕಿಂತ ಕಷ್ಟದಲ್ಲಿದ್ದು, ಅಳಿವಿನಂಚಿನ ಪಟ್ಟಿಯಲ್ಲೇ ಸೇರಿದೆ. ಇವುಗಳಿಗೆ ಬೇಕಾದದ್ದು ಎರಡು: ಬೇಸಿಗೆಗೆ ಮಡು, ಮಳೆಗೆ ದಾರಿ. ಇವೆರಡನ್ನೂ ಒದಗಿಸುವುದು ನಮ್ಮ ಕೈಯಳತೆಯಲ್ಲೇ ಇದೆ.

ಹಾವುಮೀನಿನ ವಿಷಯದಲ್ಲಿ ಮಾತ್ರ ನಿಮಗೆ ಒಂದು ಮರುಪ್ರಶ್ನೆ ಹಾಕಬೇಕಾಗಿದೆ. ನಮ್ಮ ಕಡೆ ಎರಡು ಬೇರೆ ಬೇರೆ ಮೀನುಗಳಿಗೆ ಹಾವುಮೀನು ಎನ್ನುತ್ತಾರೆ. ಒಂದಕ್ಕೆ ಮೂತಿ ಚೂಪು, ಬೆನ್ನುದ್ದಕ್ಕೂ ಬಿಡಿ ಬಿಡಿಯಾದ ಸಣ್ಣ ಮುಳ್ಳುಗಳ ಸಾಲು. ಅದು ಮಾಸ್ಟಸೆಂಬೆಲಸ್. ಸಿಹಿನೀರಿನಲ್ಲೇ ಹುಟ್ಟಿ ಸಿಹಿನೀರಿನಲ್ಲೇ ಸಾಯುವಂಥದ್ದು. ಮರಳು, ಕಲ್ಲುಸಂದಿ ಇದ್ದರೆ ಬದುಕಿಕೊಳ್ಳುತ್ತದೆ. ನದಿಯ ಮರಳು ಬಗೆದರೆ ಅದರ ಮನೆ ಹೋಯಿತು. ಇನ್ನೊಂದು ನಿಜವಾದ ಈಲ್, ಆಂಗ್ವಿಲ್ಲಾ ಬೆಂಗಾಲೆನ್ಸಿಸ್. ಮುಳ್ಳಿಲ್ಲ, ಮೈ ಲೋಳೆಲೋಳೆ, ತೋಳಿನಷ್ಟು ದಪ್ಪ ಬೆಳೆಯುತ್ತದೆ. ಇದು ಹುಟ್ಟುವುದು ಸಮುದ್ರದಲ್ಲಿ. ಕಡ್ಡಿಯಷ್ಟು ಸಣ್ಣ ಮರಿಯಾಗಿ ನದಿಯ ಬಾಯಿಂದ ಒಳಗೆ ಬಂದು, ನೂರಾರು ಕಿಲೋಮೀಟರ್ ಏರಿ, ವರ್ಷಗಟ್ಟಲೆ ನಮ್ಮ ಮಡುಗಳಲ್ಲಿದ್ದು, ಕೊನೆಗೆ ಮೊಟ್ಟೆ ಇಡಲು ಮತ್ತೆ ಕಡಲಿಗೇ ಹೋಗುತ್ತದೆ.

ಆ ಪುಟ್ಟ ಮರಿ ನಿಮ್ಮೂರಿಗೆ ಬರಬೇಕಾದ ದಾರಿಯನ್ನು ಎಣಿಸಿ ನೋಡಿ. ಬಂಗಾಳ ಕೊಲ್ಲಿಯಿಂದ ಹೊರಟರೆ ಮೊದಲು ವಿಜಯವಾಡದ ಪ್ರಕಾಶಂ ಬ್ಯಾರೇಜ್. ಅಲ್ಲಿ ಮೊದಲ ಕಟ್ಟೆ ಎದ್ದದ್ದು 1850ರ ದಶಕದಲ್ಲೇ, ಈಗಿನ ಬ್ಯಾರೇಜ್ 1957ರದು. ಆಮೇಲೆ ಪುಲಿಚಿಂತಲ. ಆಮೇಲೆ 124 ಮೀಟರ್ ಎತ್ತರದ ನಾಗಾರ್ಜುನಸಾಗರ. ಅದನ್ನು ದಾಟಿದರೆ 145 ಮೀಟರಿನ ಶ್ರೀಶೈಲ. ಮುಂದೆ ಜುರಾಲಾ. ಅಷ್ಟಾದ ಮೇಲೆ ರಾಯಚೂರು ಜಿಲ್ಲೆಯ ಕಾಡ್ಲೂರಿನ ಹತ್ತಿರ ಕೃಷ್ಣೆಯನ್ನು ಬಿಟ್ಟು ಭೀಮೆಗೆ ತಿರುಗಬೇಕು. ಈಲ್ ಮರಿ ಒದ್ದೆ ಗೋಡೆಯ ಮೇಲೆ ತೆವಳಿ ಏರಬಲ್ಲ ಗಟ್ಟಿಗ ಜೀವಿ. ಆದರೂ ಈ ದಾರಿಗೆ 'ದಾರಿ' ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಆದ್ದರಿಂದ ನಿಮ್ಮ ತಾತ ಹಿಡಿಯುತ್ತಿದ್ದದ್ದು ಈ ಈಲ್ ಆಗಿದ್ದರೆ, ನಿಮ್ಮೂರ ಬ್ಯಾರೇಜಿನ ಬಾಗಿಲು ತೆಗೆಸಿದರೂ ಅದು ಮರಳಿ ಬರುವುದಿಲ್ಲ. ಸುಳ್ಳು ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. ಮುಳ್ಳುಬೆನ್ನಿನದಾಗಿದ್ದರೆ ಮಾತು ಬೇರೆ, ಆಸೆ ಇದೆ.

ಭೀಮೆ ಯಾವಾಗಲೂ ಹೀಗೆ ಬಡವಾಗಿರಲಿಲ್ಲ ಎಂಬುದಕ್ಕೆ ನನ್ನ ಅಚ್ಚುಮೆಚ್ಚಿನ ಸಾಕ್ಷಿಯೊಂದಿದೆ. ಬ್ರಿಟಿಷರ ಕಾಲದಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖನಿನ ಮೀನುಗಳನ್ನು ಕಲೆಹಾಕಿ 1839ರಲ್ಲಿ ವಿವರಿಸಿದ. ಅವನು ಮೀನು ಆರಿಸಿದ್ದು ಬಹುಮಟ್ಟಿಗೆ ಪುಣೆಯ ಆಸುಪಾಸಿನ ಮುಳಾ-ಮುಠಾ ಮೊದಲಾದ ನದಿಗಳಲ್ಲಿ. ಮುಳಾ-ಮುಠಾ ಭೀಮೆಗೇ ಬಂದು ಸೇರುತ್ತದೆ. ಅವನು ಜಾಣತನದಿಂದ, ಅಥವಾ ಬೇರೆ ಹೆಸರು ಹೊಳೆಯದೆ, ಬೆಸ್ತರ ಬಾಯಿಂದ ಕೇಳಿದ ಹೆಸರುಗಳನ್ನೇ ಲ್ಯಾಟಿನ್ ಹೆಸರಿಗೆ ಸೇರಿಸಿದ: ಖುದ್ರಿ, ಕೋಲಸ್, ಪೋಟೈಲ್, ಸಿಂಘಾಲ. ಪ್ರಪಂಚದ ಮೀನು ವಿಜ್ಞಾನಿಗಳೆಲ್ಲ ಇಂದಿಗೂ ದಖ್ಖನಿ ಮಹಸೀರ್ ಮೀನನ್ನು ಟೋರ್ ಖುದ್ರಿ ಎನ್ನುತ್ತಾರೆ; ಭೀಮೆಯ ಬಳಗದ ನದಿಯೊಂದರ ದಂಡೆಯ ಮಾತು ಅದು. ಮಹಸೀರ್ ಬೇಡುವುದು ಕಲ್ಲು, ರಭಸ, ತಿಳಿನೀರು. ಇಂದು ಭೀಮಾಶಂಕರದಿಂದ ಕಾಡ್ಲೂರಿನವರೆಗಿನ 861 ಕಿಲೋಮೀಟರಿನಲ್ಲಿ ಉಜನಿಯ ದೊಡ್ಡ ಜಲಾಶಯ ಒಂದು ಕಡೆ. ಅದರ ಕೆಳಗೆ ನಮ್ಮ ಅಫಜಲಪುರ ತಾಲ್ಲೂಕಿನ ಸೊನ್ನ, ಗಾಣಗಾಪುರ, ಸನ್ನತಿ, ಗುರುಸಣಗಿ ಎನ್ನುತ್ತ ಸಾಲು ಸಾಲು ಬ್ಯಾರೇಜುಗಳು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕೊಳಗಳ ಸರಮಾಲೆಗೆ ನಾವು ನದಿ ಎನ್ನುತ್ತಿದ್ದೇವೆ.

ಹಾಗಂತ ಬ್ಯಾರೇಜು ಒಡೆಯಿರಿ ಎನ್ನುವವನಲ್ಲ ನಾನು. ಕಲಬುರಗಿ ನಗರದ ನಲ್ಲಿಗೆ ಭೀಮೆಯ ನೀರು ಬರುವುದು ಸರಡಗಿ ಬ್ಯಾರೇಜಿನಿಂದ. ಅದನ್ನು ಕುಡಿದೇ ಈ ಉತ್ತರ ಬರೆಯುತ್ತಿದ್ದೇನೆ. ದಂಡೆಯ ರೈತರ ಪಂಪ್‌ಸೆಟ್ಟುಗಳು ಬೇಸಿಗೆಯಲ್ಲಿ ಆ ನೀರನ್ನೇ ನೆಚ್ಚಿವೆ. ಆದ್ದರಿಂದ ವರ್ಷವಿಡೀ ಬಾಗಿಲು ತೆರೆದಿಡಿ ಎಂದು ಕೇಳಿದರೆ ನಿಮ್ಮ ಅರ್ಜಿಯನ್ನು ಮೊದಲು ಹರಿಯುವವರು ನಿಮ್ಮೂರಿನ ರೈತರೇ.

ಆದರೆ ಬಾಂದಾರ ಎಂಬುದರ ಮೂಲ ಕಲ್ಪನೆಯನ್ನೇ ನೆನಪಿಸಿಕೊಳ್ಳಿ. ನಮ್ಮ ಹಳೆಯ ಕೊಲ್ಹಾಪುರ ಮಾದರಿಯ ಬಾಂದಾರಗಳಲ್ಲಿ ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯುತ್ತಾರೆ, ಮಳೆ ಹಿಂದೆ ಸರಿಯುವಾಗ ಮತ್ತೆ ಕೂರಿಸುತ್ತಾರೆ. ಮುಂಗಾರಿನ ಕೆಂಪು ನೀರು ಹಾಗೇ ಹರಿದು ಹೋಗಲಿ, ಕೊನೆಯ ತಿಳಿನೀರನ್ನು ಹಿಡಿದಿಟ್ಟುಕೊಳ್ಳೋಣ ಎಂಬುದು ಅದರ ಹಿಂದಿನ ವಿವೇಕ. ಮೀನಿಗೆ ಬೇಕಾದದ್ದೂ ಅಚ್ಚರಿಯೆನ್ನುವಷ್ಟು ಅದೇ. ಕೆಡುಕು ಶುರುವಾಗುವುದು ಜೂನಿನ ಮೊದಲ ನೀರನ್ನೇ ಹಿಡಿದುಬಿಡೋಣ ಎಂದು ಬಾಗಿಲು ಇಳಿಸಿಟ್ಟಾಗ. ಅಥವಾ ತುಕ್ಕು ಹಿಡಿದ ಬಾಗಿಲು ಏಳದೇ ಹೋದಾಗ. ಅಥವಾ, ಹೆಚ್ಚು ಜನ ಗಮನಿಸದ ಮೂರನೆಯದು, ಬಾಗಿಲನ್ನು ಒಂದಡಿ ಮಾತ್ರ ಎತ್ತಿ ಬಿಟ್ಟಾಗ.

ಈ ಮೂರನೆಯದರ ಲೆಕ್ಕ ಹೇಳುತ್ತೇನೆ, ಅಧಿಕಾರಿಗಳ ಮುಂದೆ ಉಪಯೋಗಕ್ಕೆ ಬರುತ್ತದೆ. ಬಾಗಿಲಿನ ಹಿಂದೆ ಮುಂದೆ ನೀರಿನ ಮಟ್ಟದ ವ್ಯತ್ಯಾಸ 3 ಮೀಟರ್ ಇದ್ದು, ತಳದಲ್ಲಿ ಸಂದಿ ಬಿಟ್ಟರೆ ಅಲ್ಲಿಂದ ನೀರು ಸೆಕೆಂಡಿಗೆ 7 ಮೀಟರಿಗೂ ಹೆಚ್ಚಿನ ವೇಗದಲ್ಲಿ ಚಿಮ್ಮುತ್ತದೆ. ಮೀನು ಉಸಿರು ಬಿಗಿಹಿಡಿದು ಒಮ್ಮೆ ನುಗ್ಗಿದರೆ ಸೆಕೆಂಡಿಗೆ ತನ್ನ ಮೈಯ ಹತ್ತು ಪಟ್ಟು ದೂರ ಹೋದೀತು ಎಂಬುದು ಸ್ಥೂಲ ಲೆಕ್ಕ. ಗೇಣುದ್ದದ ಮೀನಿಗೆ ಅದು ಎರಡು ಮೀಟರ್, ಅದೂ ಕೆಲವೇ ಕ್ಷಣ. ಹಾಗಾಗಿ ಒಂದಡಿ ಎತ್ತಿದ ಬಾಗಿಲು ಮೀನಿಗೆ ಮುಚ್ಚಿದ ಬಾಗಿಲೇ. ಕೆಳಗಿಳಿಯುವ ಮರಿಗಳಿಗಂತೂ ಕಂಟಕ. ಅಡಿಯಿಂದ ನೀರು ಬಿಡುವ ಬಾಗಿಲುಗಳಲ್ಲಿ, ಮೇಲಿನಿಂದ ನೀರು ಚೆಲ್ಲುವ ಕಟ್ಟೆಗಳಿಗಿಂತ ಬಹಳ ಹೆಚ್ಚು ಮೀನುಮರಿ ಸಾಯುವುದನ್ನು ಆಸ್ಟ್ರೇಲಿಯಾದಲ್ಲಿ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಅದೇ ಬಾಗಿಲನ್ನು ಪೂರ್ತಿ ಎತ್ತಿ, ಹೊಳೆ ತುಂಬಿ ಹರಿಯಲು ಬಿಟ್ಟರೆ ಎರಡೂ ಕಡೆಯ ಮಟ್ಟ ಹತ್ತಿರ ಬರುತ್ತದೆ, ವೇಗ ಇಳಿಯುತ್ತದೆ, ಮೀನು ದಂಡೆ ಹಿಡಿದು ದಾಟುತ್ತದೆ. ದಂಡೆ ಹಿಡಿದು ಎಂಬುದನ್ನು ಗಮನಿಸಿ. ನಡುಹೊಳೆಯ ರಭಸದಲ್ಲಿ ಮೀನು ಏರುವುದಿಲ್ಲ. ಎರಡೂ ಅಂಚಿನ ನಿಧಾನ ನೀರೇ ಅದರ ಹೆದ್ದಾರಿ. ಎಲ್ಲ ಬಾಗಿಲು ತೆಗೆಯಲಾಗದಿದ್ದರೆ ಎರಡೂ ದಂಡೆಯ ಕಡೆಯ ಬಾಗಿಲುಗಳನ್ನಾದರೂ ಪೂರ್ತಿ ಎತ್ತಲಿ.

ರೈತರಿಗೆ ಇದನ್ನು ಹೇಗೆ ಹೇಳುವುದು ಎನ್ನುತ್ತೀರಾ? ಮೀನಿನ ಹೆಸರೇ ಎತ್ತಬೇಡಿ. ಹೂಳಿನ ಮಾತೆತ್ತಿ. ಮುಂಗಾರಿನ ಮೊದಲ ನೀರಿನಲ್ಲಿ ಅರ್ಧ ಮಣ್ಣೇ ಇರುತ್ತದೆ. ಅದನ್ನು ಹಿಡಿದರೆ ಬಾಂದಾರ ಪ್ರತಿ ವರ್ಷ ಅಷ್ಟಷ್ಟು ತುಂಬುತ್ತದೆ, ಬೇಸಿಗೆಯ ನೀರು ಅಷ್ಟಷ್ಟು ಕಡಿಮೆಯಾಗುತ್ತದೆ. ಮೊದಲ ನೀರು ಹೋಗಲು ಬಿಟ್ಟರೆ ಹಿಂದಿನ ವರ್ಷದ ಹೂಳನ್ನೂ ಎಳೆದುಕೊಂಡು ಹೋಗುತ್ತದೆ. ಈ ಒಂದು ವಿಷಯದಲ್ಲಿ ರೈತನ ಲಾಭ, ಮೀನಿನ ಲಾಭ ಒಂದೇ ದಿನಾಂಕದ ಮೇಲೆ ನಿಂತಿವೆ. ಇಂಥ ಯೋಗ ಪರಿಸರದ ಜಗಳಗಳಲ್ಲಿ ಅಪರೂಪ.

ದೂರದ ಒಂದು ಉದಾಹರಣೆ ಹೇಳಬೇಕು, ಏಕೆಂದರೆ ಅದು ಹೆಚ್ಚುಕಡಿಮೆ ನಿಮ್ಮದೇ ಕತೆ. ಥಾಯ್ಲೆಂಡಿನಲ್ಲಿ ಮೆಕಾಂಗ್ ನದಿಗೆ ಸೇರುವ ಮುನ್ ನದಿಯ ಬಾಯಲ್ಲಿ 1994ರಲ್ಲಿ ಪಾಕ್ ಮುನ್ ಅಣೆಕಟ್ಟು ಮುಗಿಯಿತು. ಮೀನಿಗೆಂದು ಏಣಿಯನ್ನೂ ಕಟ್ಟಿದರು. ಅದರ ಮಾದರಿ ಬಂದದ್ದು ಸಾಲ್ಮನ್ ಎಂಬ ತಣ್ಣೀರಿನ, ಜಿಗಿಯುವ ಮೀನಿನ ನಾಡಿನಿಂದ. ಮೆಕಾಂಗಿನ ಮೀನುಗಳಿಗೆ ಅದು ಒಗ್ಗಲಿಲ್ಲ, ಬಹುತೇಕ ವ್ಯರ್ಥವಾಯಿತು. ಬೆಸ್ತರು ವರ್ಷಗಟ್ಟಲೆ ಧರಣಿ ಕೂತರು. 2001ರಲ್ಲಿ ಸರ್ಕಾರ ಪ್ರಯೋಗಕ್ಕೆಂದು ಒಂದು ವರ್ಷ ಬಾಗಿಲು ತೆರೆದಿಟ್ಟಿತು; ಮೀನು ಮರಳಿತು. ಯಾವ ಮೀನು ಯಾವ ತಿಂಗಳು ಬಂತು ಎಂಬುದನ್ನು ಹಳ್ಳಿಯವರೇ, ತಮ್ಮ ಮಾತಿನ ಹೆಸರುಗಳಲ್ಲೇ ದಾಖಲಿಸಿದರು. ಆಮೇಲೆ ವರ್ಷಕ್ಕೆ ನಾಲ್ಕು ತಿಂಗಳು ಬಾಗಿಲು ತೆರೆಯುವ ತೀರ್ಮಾನವಾಯಿತು. ಜಗಳ ಪೂರ್ತಿ ಮುಗಿಯಿತು ಎನ್ನಲಾರೆ. ಆದರೆ ಏಣಿ ಮಾಡದ ಕೆಲಸವನ್ನು ಬಾಗಿಲು ಮಾಡಿತು.

ಏಣಿಯ ಬಗ್ಗೆ ನೀವು ನೇರವಾಗಿ ಕೇಳಿದ್ದರಿಂದ ಅದನ್ನೂ ಹೇಳಿ ಮುಗಿಸುತ್ತೇನೆ. ಏಣಿ ಎಂದರೆ ಒಂದರ ಮೇಲೊಂದು ಸಣ್ಣ ಹೊಂಡಗಳು. ಒಂದರಿಂದ ಇನ್ನೊಂದಕ್ಕೆ ನೀರು ಇಳಿಯುತ್ತಿರುತ್ತದೆ. ಪ್ರತಿ ಇಳಿತ 10 ಸೆಂಟಿಮೀಟರ್ ಇದ್ದರೆ ಸಂದಿಯಲ್ಲಿ ನೀರಿನ ವೇಗ ಸೆಕೆಂಡಿಗೆ 1.4 ಮೀಟರ್, 20 ಸೆಂಟಿಮೀಟರ್ ಆದರೆ ಸುಮಾರು 2 ಮೀಟರ್. ಜಿಗಿಯದ, ಈಜಿಯೇ ಏರುವ ನಮ್ಮ ಮೀನುಗಳಿಗೆ 10ರ ಹತ್ತಿರ ಇದ್ದರೇ ಒಳ್ಳೆಯದು. 5 ಮೀಟರ್ ಎತ್ತರಕ್ಕೆ 50 ಹೊಂಡ ಬೇಕು. ಒಂದೊಂದು ಮೂರು ಮೀಟರ್ ಉದ್ದವಿದ್ದರೆ 150 ಮೀಟರಿನ ಕಟ್ಟಡ. ಅದರ ಬಾಯಿ ಸರಿಯಾಗಿ ಬ್ಯಾರೇಜಿನ ಬುಡದಲ್ಲಿ, ಮೀನು ಬಂದು ತಲೆ ಹಚ್ಚುವ ಜಾಗದಲ್ಲೇ ಇರಬೇಕು. ಐವತ್ತು ಮೀಟರ್ ಕೆಳಗಿದ್ದರೆ ಮೀನು ಅದರ ಪಕ್ಕದಲ್ಲೇ ಹಾದುಹೋಗಿ ಗೋಡೆಗೆ ಮೂತಿ ತಿಕ್ಕುತ್ತಿರುತ್ತದೆ. ಭೀಮೆಯಂತೆ ನೀರಿನ ಮಟ್ಟ ಒಂದೇ ವಾರದಲ್ಲಿ ಆಳುದ್ದ ಏರಿ ಇಳಿಯುವ ಹೊಳೆಯಲ್ಲಿ ಆ ಬಾಯಿಯನ್ನು ಎಲ್ಲಿ ಇಡುವುದು ಎಂಬುದೇ ತಲೆನೋವು. 2020ರ ಅಕ್ಟೋಬರಿನ ಪ್ರವಾಹವನ್ನು ನೆನೆದುಕೊಳ್ಳಿ. ಇನ್ನು ಏಣಿಗೆ ಕಸ ಕಡ್ಡಿ ಸಿಕ್ಕರೆ ತೆಗೆಯುವವರು ಯಾರು? ಅದಕ್ಕೊಬ್ಬ ಮನುಷ್ಯ, ಅವನಿಗೊಂದು ಸಂಬಳ. ಕಟ್ಟುವುದಕ್ಕೆ ಹಣ ಬರುತ್ತದೆ, ಕಾಯುವುದಕ್ಕೆ ಬರುವುದಿಲ್ಲ.

ಸಣ್ಣ ಅಡ್ಡಗಳಲ್ಲಿ ಮಾತ್ರ ಏಣಿಗಿಂತ ಸರಳವಾದ ಉಪಾಯ ಇದೆ. ಬಾಗಿಲು ತೆಗೆದ ಮೇಲೂ ಬಾಂದಾರದ ಕಾಂಕ್ರೀಟ್ ಹಾಸಿನ ಕೆಳಗೆ ನೀರು ಕೊರೆದು ಅರ್ಧ ಮೀಟರ್, ಒಂದು ಮೀಟರ್ ಕುಸಿದಿರುತ್ತದೆ; ಅಲ್ಲಿ ಮೀನು ಜಿಗಿಯಬೇಕಾಗುತ್ತದೆ, ನಮ್ಮ ಮೀನು ಜಿಗಿಯುವುದಿಲ್ಲ. ಆ ಕುಸಿತಕ್ಕೆ ದಪ್ಪ ಬಂಡೆಗಳನ್ನು ಒಡ್ಡೊಡ್ಡಾಗಿ ಜೋಡಿಸಿ, ಇಪ್ಪತ್ತು ಮೂವತ್ತು ಮೀಟರಿಗೆ ಒಂದು ಮೀಟರ್ ಇಳಿಯುವಂತೆ ಇಳಿಜಾರು ಮಾಡಿದರೆ ಬಂಡೆಗಳ ನಡುವಿನ ನೆರಳುನೀರಿನಲ್ಲಿ ನಿಂತು ನಿಂತು ಮೀನು ಏರುತ್ತದೆ. ಹತ್ತಿರದಲ್ಲೇ ಸಿಗುತ್ತದೆಂದು ಶಹಾಬಾದಿ ಫರಸಿ ಹಾಸಿಬಿಟ್ಟೀರಿ, ಜೋಕೆ. ನುಣುಪಾದ ಹಾಸುಗಲ್ಲಿನ ಮೇಲೆ ನೀರು ಜಾರುಬಂಡೆಯಾಗುತ್ತದೆ. ಒರಟು ಬಂಡೆಯೇ ಬೇಕು.

ಇನ್ನು ಹಳ್ಳಗಳು. ನನಗೆ ಕೇಳಿದರೆ ದೊಡ್ಡ ಹೊಳೆಗಿಂತ ಹೆಚ್ಚು ಕೆಟ್ಟಿರುವುದು ಹಳ್ಳಗಳ ಬಾಯಿ. ಬಾಳೆ ಮೀನು ಮೊಟ್ಟೆ ಇಡಲು ಹೋಗುವುದು ಅಲ್ಲಿಗೇ. ಹೊಲದ ರಸ್ತೆಗೆಂದು ಹಳ್ಳಕ್ಕೆ ಅಡ್ಡವಾಗಿ ಎರಡು ಸಿಮೆಂಟ್ ಪೈಪ್ ಇಟ್ಟು ಮಣ್ಣು ಮುಚ್ಚುತ್ತಾರೆ. ಪೈಪಿನ ತುದಿ ಹಳ್ಳದ ತಳಕ್ಕಿಂತ ಒಂದು ಮೊಳ ಮೇಲೆ ನಲ್ಲಿಯಂತೆ ಸುರಿಯುತ್ತಿರುತ್ತದೆ. ಮುಗಿಯಿತು, ಅದರ ಮೇಲಿನ ಇಡೀ ಹಳ್ಳ ಮೀನಿಗೆ ಇಲ್ಲವಾಯಿತು. ಅದೇ ಪೈಪನ್ನು ಹಳ್ಳದ ತಳಕ್ಕಿಂತ ಒಂದಡಿ ಕೆಳಗೆ ಹೂತು ಇಟ್ಟಿದ್ದರೆ ಹೆಚ್ಚಿನ ಖರ್ಚೇನೂ ಇರಲಿಲ್ಲ. ನಿಮ್ಮ ಪಂಚಾಯಿತಿಯ ಮುಂದಿನ ರಸ್ತೆ ಕಾಮಗಾರಿಯಲ್ಲಿ ಇದೊಂದನ್ನು ಹಠ ಹಿಡಿದು ಮಾಡಿಸಿ.

ಇಷ್ಟೆಲ್ಲ ಮಾಡಿ, ಮೊದಲ ಹೊಸ ನೀರಿನ ದಿನ ಬಾಂದಾರದ ಕೆಳಗೆ ಜಾತ್ರೆ ಸೇರಿದರೆ ಏನು ಪ್ರಯೋಜನ? ಇದನ್ನು ನಿಮ್ಮವನಾಗಿಯೇ ಹೇಳುತ್ತಿದ್ದೇನೆ. ನನ್ನ ಹುಡುಗತನದಲ್ಲಿ ಕಾಗಿಣಾ ದಂಡೆಯ ಒಂದು ಕಟ್ಟೆಯ ಕೆಳಗೆ ನಾವು ಸೀರೆ, ಸೊಳ್ಳೆಪರದೆ, ಬುಟ್ಟಿ, ಸಿಕ್ಕಿದ್ದನ್ನೆಲ್ಲ ಹಿಡಿದು ಇಳಿಯುತ್ತಿದ್ದೆವು. ಏರಲಾಗದೆ ಗುಂಪುಗಟ್ಟಿದ ಮೀನು, ಹೊಟ್ಟೆ ಒತ್ತಿದರೆ ಜೋಳದ ನುಚ್ಚಿನಂತೆ ಮೊಟ್ಟೆ ಸುರಿಯುತ್ತಿತ್ತು. ಮನೆಯಲ್ಲಿ ಆ ಮೊಟ್ಟೆಯ ಪಲ್ಯಕ್ಕೇ ಜಗಳ. ಮಿರಗದ ದಿನ, ಅಂದರೆ ಮೃಗಶಿರ ಮಳೆ ಹುಟ್ಟುವ ದಿನ, ಮೀನು ತಿನ್ನಬೇಕೆಂಬ ಹೈದರಾಬಾದಿನ ಕಡೆಯ ರೂಢಿ ನಮ್ಮ ಗಡಿ ಊರುಗಳಿಗೂ ಹಬ್ಬಿದೆ. ಅದು ಬೀಳುವುದು ಜೂನ್ ಮೊದಲ ವಾರದ ಕೊನೆಗೆ, ಸರಿಯಾಗಿ ಮೀನು ಬಸುರಿಯಾಗಿರುವ ಹೊತ್ತಿಗೆ. ತಿನ್ನಬೇಡಿ ಎನ್ನುವುದಿಲ್ಲ, ಕೊಳದಲ್ಲಿ ಸಾಕಿದ್ದನ್ನು ತಿನ್ನಿ. ಬಾಂದಾರದ ಕೆಳಗಿನ ಇನ್ನೂರು ಮೀಟರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಲೆ ಇಳಿಸುವುದಿಲ್ಲ ಎಂದು ನಿಮ್ಮ ಸಂಘವೇ ಠರಾವು ಮಾಡಲಿ. ಸರ್ಕಾರದ ಕಾಯ್ದೆ ಇಲ್ಲವೆಂದಲ್ಲ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಕಾಯ್ದೆಯಿಂದಲೂ ಅಪರಾಧವೇ. ಸಿಡಿಮದ್ದಿನ ಸದ್ದು ಮಾತ್ರ ಇನ್ನೂ ನಿಂತಿಲ್ಲ.

ಬೀದರಿನ ಓದುಗರು ಇದನ್ನು ಓದಿ ಕಾರಂಜಾಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ ಎಂದು ಕೇಳಬಹುದು. ಬಾಗಿಲಿನ ಮಾತು ಅನ್ವಯಿಸುತ್ತದೆ, ಮೀನಿನ ಮಾತು ಪೂರ್ತಿ ಅಲ್ಲ. ಕಾರಂಜಾ, ಮಾಂಜ್ರಾ ನದಿಗಳು ಗೋದಾವರಿಯ ಮಕ್ಕಳು; ಭೀಮೆ, ಕಾಗಿಣಾ ಕೃಷ್ಣೆಯ ಮಕ್ಕಳು. ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿದ್ದರೂ ಮೀನಿನ ಪಾಲಿಗೆ ಎರಡು ಬೇರೆ ಲೋಕಗಳು. ಮಾಂಜ್ರಾಕ್ಕೆ ಬೀದರಿನ ಕೆಳಗೆ ಸಿಂಗೂರು, ಅದರ ಕೆಳಗೆ 1931ರಿಂದ ನಿಜಾಂಸಾಗರ ಅಣೆಕಟ್ಟುಗಳಿವೆ. ಭೀಮೆಯ ಮೀನು ಹಿಡಿದು ಮಾಂಜ್ರಾಕ್ಕೆ ಬಿಡುವ ಉತ್ಸಾಹ ಮಾತ್ರ ಯಾರಿಗೂ ಬರದಿರಲಿ. ಅಂದಹಾಗೆ, ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರಿನಲ್ಲೇ, ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿ. ಮಂಗಳೂರಿನ ವಿದ್ಯಾರ್ಥಿಗಳು ಒಂದು ಮುಂಗಾರನ್ನಾದರೂ ಭೀಮಾ ದಂಡೆಯಲ್ಲಿ ಕಳೆಯಲಿ ಎಂಬುದು ನನ್ನ ಹಳೆಯ ಆಸೆ.

ಇಷ್ಟು ಮಾಡಿದರೆ ಫಲ ಇದೆಯೇ, ಮೇಲೆ ಉಜನಿ, ಕೆಳಗೆ ಶ್ರೀಶೈಲ ಇರುವಾಗ? ಪ್ರಪಂಚದ ಲೆಕ್ಕ ನೋಡಿದರೆ ಎದೆ ಕುಸಿಯುತ್ತದೆ. ಸಾವಿರ ಕಿಲೋಮೀಟರಿಗಿಂತ ಉದ್ದದ ನದಿಗಳಲ್ಲಿ ಉಗಮದಿಂದ ಕೊನೆಯವರೆಗೆ ತಡೆಯಿಲ್ಲದೆ ಹರಿಯುವವು ಶೇಕಡಾ 37 ಮಾತ್ರ ಎಂದು 2019ರ ಅಧ್ಯಯನವೊಂದು ಹೇಳಿತು. ವಲಸೆ ಹೋಗುವ ಸಿಹಿನೀರಿನ ಮೀನುಗಳಲ್ಲಿ ಗಮನಕ್ಕೆ ಒಳಪಟ್ಟ ಸಂತತಿಗಳು 1970ರಿಂದ ಈಚೆಗೆ ಸರಾಸರಿ ಶೇಕಡಾ 81ರಷ್ಟು ಇಳಿದಿವೆ ಎಂದು 2024ರ ವರದಿ ಹೇಳುತ್ತದೆ. ಪತ್ರಿಕೆಗಳು ಇದನ್ನು 'ನೂರಕ್ಕೆ ಎಂಬತ್ತೊಂದು ಮೀನು ಸತ್ತವು' ಎಂದು ಬರೆದವು, ಅದು ತಪ್ಪು. ಸಂತತಿಗಳ ಇಳಿಕೆಯ ಸರಾಸರಿ ಅದು. ಆದರೆ ಬಾಳೆ ಮೀನು, ಗೆಂಡೆ ಕಡಲಿಗೆ ಹೋಗಬೇಕಾದವಲ್ಲ. ಅವಕ್ಕೆ ನೂರಾರು ಕಿಲೋಮೀಟರ್ ಬೇಕಿಲ್ಲ. ಎರಡು ಮೂರು ಬಾಂದಾರಗಳು ಒಟ್ಟಿಗೆ ತೆರೆದರೆ ಒಂದು ಮಡು, ನಾಲ್ಕು ಹಳ್ಳ, ಒಂದಿಷ್ಟು ಹರಿಯುವ ನೀರು ಸಿಗುತ್ತದೆ. ಒಂದೇ ಬಾಂದಾರ ತೆರೆದರೆ ಸಾಲದು, ಮೇಲಿನೂರು ಕೆಳಗಿನೂರಿನವರ ಜೊತೆ ಮಾತಾಡಿ.

ಅರ್ಜಿಯಲ್ಲಿ ಹೀಗೆ ಕೇಳಿ. ಕಳೆದ ಐದು ವರ್ಷ ಯಾವ ದಿನಾಂಕ ಯಾವ ಬಾಗಿಲು ಎಷ್ಟು ಎತ್ತಿದರು ಎಂಬ ದಾಖಲೆ ಕೊಡಿ. ಮುಂಗಾರಿನ ಮೊದಲ ನೀರಿನಿಂದ ಸೆಪ್ಟೆಂಬರ್ ನಡುವಿನವರೆಗೆ ಬಾಗಿಲುಗಳನ್ನು, ಎಲ್ಲ ಆಗದಿದ್ದರೆ ದಂಡೆಯ ಎರಡು ಬಾಗಿಲುಗಳನ್ನು, ಪೂರ್ತಿ ಎತ್ತಿಡಿ. ಏಳದ ಬಾಗಿಲನ್ನು ಮೇ ತಿಂಗಳೊಳಗೆ ದುರಸ್ತಿ ಮಾಡಿ. ಊರಿನ ದೊಡ್ಡ ಮಡುವನ್ನು ಬೇಸಿಗೆಯಲ್ಲಿ ಬಲೆ ಹಾಕದ, ಮರಳು ತೆಗೆಯದ ಜಾಗವೆಂದು ಗುರುತಿಸಿ. ತೀರ್ಥಹಳ್ಳಿ, ಶೃಂಗೇರಿಗಳಲ್ಲಿ ದೇವರ ಹೆಸರಿನಲ್ಲಿ ಮಡು ಕಾಯುತ್ತಾರೆ; ನಮ್ಮಲ್ಲೂ ಹೊಳೆದಂಡೆಯ ದೇವರುಗಳಿಗೇನು ಬರವೇ? ಅರ್ಜಿಯ ಪ್ರತಿಯನ್ನು ನೀರಾವರಿ ಕಚೇರಿಗೆ, ಮೀನುಗಾರಿಕೆ ಕಚೇರಿಗೆ, ಜೊತೆಗೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. ಹೌದು, 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಪಂಚಾಯಿತಿಯಲ್ಲೂ ಅಂಥದೊಂದು ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕವೂ ಅಲ್ಲಿರಬೇಕು. ತೆರೆದು ನೋಡಿ, ಮೀನಿನ ಪುಟ ಖಾಲಿ ಇದ್ದರೆ ಆಶ್ಚರ್ಯವಿಲ್ಲ. ಅದನ್ನು ತುಂಬಬೇಕಾದವರು ನಿಮ್ಮ ಮನೆಯ ಹಿರಿಯರು. ಹೊಸ ನೀರು ಬಂದ ದಿನಾಂಕ, ಮೊಟ್ಟೆ ತುಂಬಿದ ಮೊದಲ ಮೀನು ಕಂಡ ದಿನಾಂಕ, ಬಾಗಿಲು ಎದ್ದ ದಿನಾಂಕ, ಈ ಮೂರನ್ನು ಒಂದು ಶಾಲಾ ನೋಟ್‌ಬುಕ್ಕಿನಲ್ಲಿ ಮೂರು ವರ್ಷ ಬರೆದಿಟ್ಟುಕೊಂಡು ಹೋದರೆ, ಎದುರಿಗೆ ಕೂತ ಎಂಜಿನಿಯರ್ ಸಾಹೇಬರ ಬಳಿ ಅಂಥದ್ದು ಇರುವುದಿಲ್ಲ.

ಹಾವುಮೀನಿನ ವಿಷಯ ಬಾಕಿ ಉಳಿಯಿತು. ಮುಂದಿನ ಸಲ ಬಲೆಗೆ ಬಿದ್ದರೆ ಬೆನ್ನಿನ ಮೇಲೆ ಬೆರಳಾಡಿಸಿ ನೋಡಿ. ತಲೆಯಿಂದ ಬಾಲದ ಕಡೆಗೆ ಸವರಿದರೆ ಮುಳ್ಳು ಮಲಗಿಬಿಡುತ್ತದೆ, ಗೊತ್ತಾಗುವುದಿಲ್ಲ. ಬಾಲದಿಂದ ತಲೆಯ ಕಡೆಗೆ, ಮೆಲ್ಲಗೆ. ಚುಚ್ಚಿದರೆ ನನಗೆ ತಿಳಿಸಿ, ಸಂತೋಷಪಡುತ್ತೇನೆ. ಚುಚ್ಚದಿದ್ದರೆ ಫೋಟೋ ತೆಗೆದು ಕಳುಹಿಸಿ, ಮೀನನ್ನು ಮಾತ್ರ ಮರಳಿ ನೀರಿಗೆ ಬಿಡಿ. ಅಷ್ಟು ಅಣೆಕಟ್ಟು ದಾಟಿ ಅದು ಹೇಗೆ ಬಂತು ಎಂದು ನಾನು ರಾತ್ರಿಯೆಲ್ಲ ಯೋಚಿಸುತ್ತ ಕೂರುತ್ತೇನೆ.